ಟಿಕೆಟ್ಟಿನ ಹಿಂಬದಿ

ಅಶೋಕ ರಸ್ತೆಯ ಮಹಡಿಯ ಮೇಲೆ, ಫ್ಯಾನು ಕಿರುಗುಟ್ಟುವ ಕೋಣೆಯಲ್ಲಿ
ಟ್ರಾವೆಲ್ಸ್ ಹುಡುಗಿ ಕೇಳಿದಳು:
‘ಆರನೇ ದಿನ ಖಾಲಿ ಇದೆ ಅಂಕಲ್,
ನಾರಾನೋ, ಕನಜಾವಾನೋ?
ನಾಲ್ಕು ಗಂಟೆಯೊಳಗೆ ಹೇಳಿಬಿಡಿ.’

ಮೂವತ್ತೊಂದು ವರ್ಷ ಮಂಡ್ಯ–ಮೈಸೂರು ಷಟಲ್ಲಿನಲ್ಲಿ
‘ಎಲ್ಲಿಗ್ರೀ? ಎಲ್ಲಿಗೆ? ಬೇಗ ಹೇಳಿ’ ಎಂದು
ಊರನ್ನೆಲ್ಲ ಕೇಳಿದ ಬಾಯಿ ನನ್ನದು.
ನನ್ನನ್ನೇ ಯಾರಾದರೂ ಕೇಳಿದ್ದು ಇದೇ ಮೊದಲು.
ನಾಲಿಗೆಯಲ್ಲಿ ಚಿಲ್ಲರೆ ಇರಲಿಲ್ಲ.

ಚೆಲುವಾಂಬ ಚಿತ್ರಗಳನ್ನು ಬೆರಳಲ್ಲಿ ಸವರುತ್ತಾಳೆ,
ರೇಷ್ಮೆ ಕಾರ್ಖಾನೆಯಲ್ಲಿ ಸೀರೆಯ ಅಂಚು ತಡವಿ
ತಪ್ಪಿದ ಎಳೆಯನ್ನು ಹಿಡಿಯುತ್ತಿದ್ದ ಬೆರಳು.
ಚೀಟಿ ಎತ್ತಿದ್ದು ಅವಳು. ಜಪಾನು ಅಂದದ್ದೂ ಅವಳೇ:
‘ಮಿಷನ್ನಿನ ಮೇಲಿದ್ದ ಅವರ ಅಕ್ಷರಾನ
ಇಪ್ಪತ್ತು ವರ್ಷ ಒರೆಸಿದ್ದೀನಿ,
ಬರೆದವರ ಊರು ನೋಡಬಾರದಾ?’

ಕನಜಾವಾದಲ್ಲಿ ಚಿನ್ನ ಬಡಿಯುತ್ತಾರಂತೆ,
ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ.
ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು
ಮರಗಳಿಗೆ ಮೇಲಿನಿಂದ ಹಗ್ಗ ಇಳಿಬಿಟ್ಟು ಕಟ್ಟುತ್ತಾರಂತೆ.
‘ಬಸ್ಸಲ್ಲಿ ನಿಂತೋರ ಹಾಗೆ’ ಎಂದೆ. ಅವಳು ನಗಲಿಲ್ಲ.

ನನಗೆ ನಾರಾ.
ಅಲ್ಲಿ ಜಿಂಕೆ ತಲೆಬಾಗಿ ಬಿಸ್ಕತ್ತು ಕೇಳುತ್ತದಂತೆ,
ನನ್ನನ್ನು ಯಾರೂ ಹಾಗೆ ಏನನ್ನೂ ಕೇಳಿದ್ದಿಲ್ಲ.
ದೊಡ್ಡ ಬುದ್ಧನ ಗುಡಿಯಲ್ಲಿ ಒಂದು ಕಂಬ,
ಬುಡದಲ್ಲಿ ತೂತು, ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲ;
ತೂರಿ ಆಚೆ ಬಂದವರಿಗೆ ಮುಕ್ತಿಯಂತೆ.
ದಸರಾ ಜನದ ನಡುವೆ ಅಡ್ಡಡ್ಡ ನುಸುಳಿ
ಹಿಂದಿನ ಸೀಟಿನವರೆಗೂ ಟಿಕೆಟ್ ಕೊಟ್ಟ ಮೈ ಇದು!
‘ಈಗಿನ ಹೊಟ್ಟೆಗೆ ಫೈರ್ ಎಂಜಿನ್ ಕರೆಸಬೇಕು’ ಎಂದಳು.

ಹೆಸರುಗಳನ್ನೂ ತೂಗಿದೆವು.
ಕನಜ ಅಂದರೆ ಭತ್ತ, ಅವಳ ತವರು, ಕೀಲಾರದ ಕತ್ತಲ ಮೂಲೆ.
ನಾರು ಅಂದರೆ ಹೂವಿನ ಜೊತೆ ಸ್ವರ್ಗಕ್ಕೆ ಹೋದದ್ದು.
ಯಾವ ಸ್ವರ್ಗಕ್ಕೆ ಅಂತ ನಾರನ್ನು ಕೇಳಿದವರು ಯಾರು?
ಹುಡುಗಿ ಗಡಿಯಾರ ನೋಡಿದಳು.

ಒಮ್ಮೆ ಮಂಡ್ಯದಲ್ಲಿ ಒಂದು ಮುದುಕಿ ಹತ್ತಿತ್ತು, ಕಂಕುಳಲ್ಲಿ ಕೋಳಿ.
‘ಎಲ್ಲಿಗಜ್ಜಿ?’
‘ಒಬ್ಬಳು ಗಣಂಗೂರು, ಒಬ್ಬಳು ಬಾಬುರಾಯನಕೊಪ್ಪಲು.
ಇಬ್ಬರೂ ಬಾಣಂತೀರು. ಕೋಳಿ ಒಂದೇಯ.
ನೀನೇ ಯೋಳು ಮಗ.’
ಬೈದೆ. ಬಸ್ಸಿಗೆ ಬಸ್ಸೇ ನಕ್ಕಿತು.
‘ಹಂಗಾರೆ ದೂರದ್ದು ಕೊಡು,
ಮನಸಾದ ಕಡೆ ಇಳ್ಕೊತೀನಿ.’
ಹರಿದು ಕೊಟ್ಟೆ.
ತೂಬಿನಕೆರೆ ದಾಟಿ ಲೆಕ್ಕ ಬರೆಯುತ್ತ ಕೂತವನು
ತಲೆ ಎತ್ತಿದಾಗ ಶ್ರೀರಂಗಪಟ್ಟಣ.
ಸೀಟಿನ ಮೇಲೆ ಒಂದು ಕಂದು ಪುಕ್ಕ.

ಎಲ್ಲಿ ಇಳಿಯಿತೋ. ಯಾವ ಮಗಳು ಉಂಡಳೋ,
ಯಾವಳು ಬರೀ ಸಾರಿನ ವಾಸನೆ ಕನಸಿದಳೋ.
ರಿಟೈರಾಗುವವರೆಗೂ ಆ ಎರಡು ಸ್ಟೇಜು ಬಂದಾಗ
ಕಿಟಕಿಯಾಚೆ ಬಗ್ಗಿ ನೋಡುತ್ತಿದ್ದೆ.
ಇದನ್ನು ಇವಳಿಗೆ ಹೇಳಿದ್ದೆನೋ ಇಲ್ಲವೋ.

‘ಎರಡರಲ್ಲಿ ಯಾವುದಮ್ಮ ದೂರ?’ ಎಂದಳು ಚೆಲುವಾಂಬ.
‘ಕನಜಾವಾ, ಆಂಟಿ.’
‘ಅದನ್ನೇ ಬರಿ.’
ನಡುವೆ ಮನಸಾದರೆ ಇಳಿಸುತ್ತಾರೋ ಇಲ್ಲವೋ
ಕೇಳಲಿಲ್ಲ ಅವಳು. ನಾನೂ ಕೇಳಲಿಲ್ಲ.

ಮೆಟ್ಟಿಲಿಳಿಯುತ್ತ, ರಸೀದಿ ಹಿಡಿದ ಕೈ ಬಿಟ್ಟು ಇನ್ನೊಂದು
ತಾನಾಗಿಯೇ ಕಿವಿಯ ಹಿಂದಿನ ಪೆನ್ನಿಗೆ ಹೋಯಿತು.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದೆನಲ್ಲ,
‘ಇಳಿಯುವಾಗ ಕೇಳಿ’ ಎಂದು.
ಎಷ್ಟೋ ಜನ ಮರೆತು ಇಳಿದುಬಿಡುತ್ತಿದ್ದರು.
ಹಾಗೆಯೇ ಬರೆದೆ:

ನಾರಾ, ಬಾಕಿ.

ಗೀಟೆಳೆದು ಸಹಿ ಹಾಕಿದೆ.